ಚಿಕ್ಕಪ್ಪನ ಎರಡನೆಯ ಮದುವೆ

ನಮ್ಮ ಚಿಕ್ಕಪ್ಪ ಐವತ್ತು ದಾಟಿದ ಮೇಲೆ ಎರಡನೆಯ ಮದುವೆಗೆ ಹೊರಟವರು! ಅದೂ ಮೊದಲನೆಯ ಹೆಂಡತಿ, ಅಂದರೆ ನನ್ನ ತಾಯಿಯ ತಂಗಿ, ಗುಂಡುಕಲ್ಲಿನ ಹಾಗೆ ಇರುವಾಗಲೇ. ಛೀ, ಎಂಥ ಮನುಷ್ಯ ಎನ್ನಬೇಡಿ. ಪೂರ್ತಿ ಕೇಳಿ.

ಆಗಷ್ಟೇ ತೊಂಬತ್ತರ ದಶಕ ಶುರುವಾಗಿತ್ತು. ಚಿಕ್ಕಪ್ಪ ಮೆಲ್ಬರ್ನಿನಲ್ಲಿ ಇಂಜಿನಿಯರು. ಪಕ್ಕದ ಮನೆಯಲ್ಲಿ ಗ್ರೀಸ್ ದೇಶದ ತಾತ ಒಬ್ಬರಿದ್ದರು. ಬೇಲಿಯ ಮೇಲಿಂದ ನಮ್ಮವರು ಚಕ್ಕುಲಿ ಕೊಟ್ಟರೆ, ಅವರು ಉಪ್ಪಿನಲ್ಲಿಟ್ಟ ಆಲಿವ್ ಕಾಯಿಯನ್ನೂ ಗ್ರೀಕ್ ಪುರಾಣವನ್ನೂ ಕೊಡುತ್ತಿದ್ದರು. ಕಾಯಿ ಚಿಕ್ಕಪ್ಪನಿಗೆ ಒಗ್ಗಲಿಲ್ಲ. ಪುರಾಣ ತಲೆಗೇರಿತು! ಅದರಲ್ಲೂ ದೇವತೆಗಳ ರಾಜ ಜ್ಯೂಸ್ ಮತ್ತು ರಾಣಿ ಹೇರಾ, ಇವರ ಮದುವೆಯ ಕಥೆ. ಯಾರೇ ಬರಲಿ, ಅವರು ಚಪ್ಪಲಿ ಬಿಡುವುದರೊಳಗೆ "ಜ್ಯೂಸ್ ವಿಷಯ ಹೇಳ್ಲಾ?" ಎನ್ನುವರು. ಒಬ್ಬ ಡಾಕ್ಟರು "ಬೇಡ ಸಾರ್, ಶುಗರ್ ಇದೆ" ಎಂದರಂತೆ.

ಹೇರಾ ಒಲಿಯದಿದ್ದಾಗ ಜ್ಯೂಸ್ ಮಳೆಯಲ್ಲಿ ತೊಯ್ದ ಕೋಗಿಲೆಯ ವೇಷ ಹಾಕಿದನಂತೆ. ಅಯ್ಯೋ ಪಾಪ ಎಂದು ಅವಳು ಎದೆಗವಚಿಕೊಂಡದ್ದೇ ತಡ, ನಿಜರೂಪ ತೋರಿಸಿ ಮದುವೆಗೆ ಒಪ್ಪಿಸಿಯೇ ಬಿಟ್ಟನಂತೆ. "ಫಸ್ಟ್ ನೈಟೇ ಮುನ್ನೂರು ವರ್ಷ ಕಣ್ರೀ!" ಎಂದು ಚಿಕ್ಕಪ್ಪ ಕಣ್ಣರಳಿಸಿದರೆ, ಅಡುಗೆಮನೆಯಿಂದ ಚಿಕ್ಕಮ್ಮನ ದನಿ: "ಅಷ್ಟಾದ್ಮೇಲೂ ಊರ ಹೆಂಗಸರೆಲ್ಲ ಬೇಕಾಯ್ತಲ್ಲ ಅವನಿಗೆ, ಅದನ್ನೂ ಹೇಳಿ!"

ಒಂದು ದೀಪಾವಳಿಯ ಊಟದಲ್ಲಿ ಯಾರೋ ಕೇಳಿದರು, "ಹೇರಾ ಸ್ವಭಾವ ಹೇಗೆ ಅಂಕಲ್?"

"ಮಹಾ ಜಗಳಗಂಟಿ. ಡೌಟ್ ಇದ್ರೆ ನೋಡ್ಕೊಳ್ಳಿ, ಇಲ್ಲೇ ಸಾರು ಬಡಿಸ್ತಿದಾಳೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಚಿಕ್ಕಮ್ಮ ಸೌಟು ಕೆಳಗಿಟ್ಟರು. ಮಾರನೆಯ ದಿನ ಸಿಡ್ನಿಯ ಬಸ್ಸು ಹತ್ತಿ, ಅಲ್ಲಿನ ಪ್ಯಾರಮಟ್ಟಾದ ನಮ್ಮ ಮನೆಗೆ ಬಂದುಬಿಟ್ಟರು.

ವಾರಗಳು ಕಳೆದವು. ಚಿಕ್ಕಪ್ಪ ಫೋನ್ ಮಾಡಿದರೆ "ನಾನಿಲ್ಲ ಅಂತ ಹೇಳು" ಎಂದು ಚಿಕ್ಕಮ್ಮ ಅವರಿಗೂ ಕೇಳುವ ಹಾಗೆ ಕೂಗುವರು. ಸಂಜೆಯಾದರೆ ಮಾತ್ರ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳರು! ಕೊನೆಗೆ "ಬೆಂಗ್ಳೂರಿಗೆ ಟಿಕೆಟ್ ಬುಕ್ ಮಾಡು, ಒನ್ ವೇ ಸಾಕು" ಎಂದಾಗ ನನಗೆ ನಿಜಕ್ಕೂ ದಿಗಿಲಾಯಿತು.

ಆಗ ಬಂತು ಆ ಫೋನು. "ನಿನ್ನ ಚಿಕ್ಕಮ್ಮಂಗೆ ಹೇಳು, ನಾನು ಬೇರೆ ಮದುವೆ ಆಗ್ತಿದೀನಿ. ಶನಿವಾರ ಹುಡುಗೀನ ಕರ್ಕೊಂಡು ಬರ್ತೀನಿ."

ಹೇಳಿದೆ. ಚಿಕ್ಕಮ್ಮ ಬಟಾಣಿ ಬಿಡಿಸುತ್ತಲೇ, "ಬರ್ಲಿ. ಆ ಕಥೆ ಕೇಳೋ ಕರ್ಮ ಅವಳ ಹಣೇಲಿ ಬರೆದಿದ್ರೆ ನಾನ್ಯಾಕೆ ತಪ್ಪಿಸ್ಲಿ?" ಎಂದರು. ಆದರೆ ಸಿಪ್ಪೆ ಪಾತ್ರೆಗೆ, ಕಾಳು ಕಸದ ಬುಟ್ಟಿಗೆ ಬೀಳುತ್ತಿತ್ತು!

ಶನಿವಾರ ಮಧ್ಯಾಹ್ನ ಕಾರು ಬಂತು. ಮುಂದಿನ ಸೀಟಿನಲ್ಲಿ ಮೈಸೂರು ಸಿಲ್ಕ್ ಸೀರೆ, ಮುಖ ಮುಚ್ಚುವಷ್ಟು ಸೆರಗು, ಅದರ ಮೇಲೆ ಸೀಟ್ ಬೆಲ್ಟ್. ಚಿಕ್ಕಮ್ಮ ಬರಿಗಾಲಲ್ಲಿ ಓಡಿದರು. ಕಾರಿನ ಬಾಗಿಲು ತೆಗೆದು ಸೆರಗು ಎಳೆದರು. ಒಳಗೆ ನೀಲಗಿರಿ ಮರದ ದಿಮ್ಮಿ!

"ಹೇರಾ ಕೋಪ ಮಾಡ್ಕೊಂಡು ಹೋದಾಗ ಜ್ಯೂಸ್ ಹೀಗೇ ಮಾಡಿದ್ದಂತೆ ಕಣೇ," ಚಿಕ್ಕಪ್ಪ ತೊದಲಿದರು. "ಮರದ ತುಂಡಿಗೆ ಮದುವಣಗಿತ್ತಿ ಅಲಂಕಾರ ಮಾಡ್ಸಿ ಹೊರಟನಂತೆ. ಅವಳು ಓಡಿ ಬಂದು, ಮುಸುಕು ತೆಗೆದು, ನಕ್ಕುಬಿಟ್ಟಳಂತೆ. ಪಕ್ಕದ್ಮನೆ ತಾತ ಹೇಳಿದ್ದು. ದಿಮ್ಮೀನೂ ಅವರೇ ಕೊಯ್ದು ಕೊಟ್ರು. ದಾರೀಲಿ ಪೆಟ್ರೋಲ್ ಬಂಕಿನವನು, ನಿಮ್ಮ ಮನೆಯವರು ಮಾತೇ ಆಡಲ್ವಲ್ಲ ಅಂದ. ಹೊಸಬಳು ಅಂದೆ... ಈಗ ನೀನು ನಗಬೇಕು."

ಚಿಕ್ಕಮ್ಮ ನಗಲಿಲ್ಲ. "ನನ್ನ ಸಿಲ್ಕ್ ಸೀರೇನ ಸೌದೆಗೆ ಉಡ್ಸಿದೀರಲ್ಲ!" ಎಂದು ಸೀರೆ ಬಿಚ್ಚಲು ಕೈಹಾಕಿದವರು ತಟ್ಟನೆ ನಿಂತರು.

"ನೆರಿಗೆ ಹಿಡಿದೋರು ಯಾರು?"

"ನಾನೇ."

"ನಿಮಗೆಲ್ಲಿ ಬರತ್ತೆ?"

ಚಿಕ್ಕಪ್ಪ ತಮ್ಮ ಬೂಟುಗಳನ್ನು ನೋಡುತ್ತ ಹೇಳಿದರು: "ಬೆಳಿಗ್ಗೆ ನೀನು ಸೀರೆ ಉಡೋವಾಗ ನಾನು ಪೇಪರ್ ಹಿಡ್ಕೊಂಡು ಕೂತಿರ್ತೀನಲ್ಲ... ಓದ್ತಾ ಇರಲ್ಲ."

ಚಿಕ್ಕಮ್ಮ ಗಂಡನ ಅಂಗಿಗೆ ಅಂಟಿದ್ದ ತೊಗಟೆಯ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದರು.