ನೀರು ಕಡೆದ ಮೇಷ್ಟ್ರು

ಗ್ಯಾಸ್ ಮುಗಿದರೇನಂತೆ, ಭೌತಶಾಸ್ತ್ರ ಮುಗಿದಿಲ್ಲವಲ್ಲ! ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೀಗೆ ಸಾರಿದವರು, ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಶಕ್ತಿಯ ನಿಯಮಗಳನ್ನು ಬೋಧಿಸುತ್ತಿದ್ದ ಸೂತ್ರದ ಮೇಷ್ಟ್ರು.

ಅವರ ಅತ್ತೆ, ಹೆಂಡತಿಯ ತಾಯಿ, ಮಗಳ ಮನೆಗೆ ಬಂದು ಎರಡು ದಿನವಾಗಿತ್ತು. ಸಂಜೆಯಾದರೆ ಅವರ ಮಂಡಿನೋವಿಗೆ ಬಿಸಿನೀರಿನ ಚೀಲ ಬೇಕೇ ಬೇಕು. ಹೊಸ ಸಿಲಿಂಡರ್ ಬರುವುದು ಮರುದಿನ. ಕರೆಂಟಿನ ಕೆಟಲ್ ಇತ್ತು, ನಿಜ. ಆದರೆ ಅದನ್ನು ಮೇಷ್ಟ್ರು ಹೋದ ತಿಂಗಳಷ್ಟೇ ಬಿಚ್ಚಿ ಸುಧಾರಿಸಿದ್ದರು. ಅಂದಿನಿಂದ ಅದು ಹೂಜಿಯ ಕೆಲಸ ಮಾಡುತ್ತಿತ್ತು. ಪಕ್ಕದ ಮನೆಯಲ್ಲಿ ಒಂದು ಪಾತ್ರೆ ನೀರು ಕಾಯಿಸಿಕೊಂಡು ಬರುತ್ತೇನೆಂದು ಹೆಂಡತಿ ಹೊರಟರೆ ಇವರು ಬಾಗಿಲಿಗೆ ಅಡ್ಡ ನಿಂತರು. ಭೌತಶಾಸ್ತ್ರದ ಮನೆಯಿಂದ ಬಿಸಿನೀರಿನ ಭಿಕ್ಷೆಗೆ ಹೋಗುವುದೇ? ಅದೂ ಅತ್ತೆಯ ಕಣ್ಣೆದುರಿಗೆ?

ಮಿಕ್ಸಿಯ ದೊಡ್ಡ ಜಾರಿಗೆ ನೀರು ತುಂಬಿ ಮುಚ್ಚಳ ಹಾಕಿದರು.

“ನೀರು ಕಡೆದ್ರೆ ಬೆಣ್ಣೆ ಬರುತ್ತೇನ್ರೀ?”

“ಬೆಣ್ಣೆ ಬರಲ್ಲ ಕಣೇ, ಬಿಸಿ ಬರುತ್ತೆ. ಶಕ್ತಿ ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ, ರೂಪ ಬದಲಿಸುತ್ತೆ ಅಷ್ಟೆ. ತಿರುಗೋದೆಲ್ಲ ಶಾಖ ಆಗ್ಲೇಬೇಕು.”

ಮಿಕ್ಸಿ ಹೂಂಕರಿಸಿತು. ಇಷ್ಟು ಹೊತ್ತು ಏನು ರುಬ್ಬುತ್ತಿದ್ದೀರಿ ಎಂದು ಅತ್ತೆ ಕೋಣೆಯಿಂದ ಕೂಗಿ ಕೇಳಿದರು. ನೀರು ಎಂಬ ಉತ್ತರ ಹೋಯಿತು. ಐದು ನಿಮಿಷದ ನಂತರ ಮೇಷ್ಟ್ರು ಬೆರಳದ್ದಿ ನೋಡಿದರು. ಉಗುರುಬೆಚ್ಚಗಿತ್ತು! ಜಗತ್ತನ್ನು ಗೆದ್ದವರಂತೆ ಮತ್ತೆ ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತಿಗೆ ಮಿಕ್ಸಿ ತಾನಾಗಿಯೇ ನಿಂತಿತು. ಜಾರು ತೆಗೆದಿಟ್ಟು, ಮಿಕ್ಸಿಯನ್ನು ಬೋರಲು ಹಾಕಿ, ತಳದ ಕೆಂಪು ಗುಂಡಿ ಒತ್ತಿ ಎಬ್ಬಿಸಿದರು. ಅದು ಸಾಕು ಅನ್ನುತ್ತಿದೆ ಎಂದಳು ಹೆಂಡತಿ. ಯಂತ್ರಗಳಿಗೆ ಅಭಿಪ್ರಾಯ ಇರುವುದಿಲ್ಲ ಎಂದರು ಇವರು. ಇನ್ನೊಮ್ಮೆ ನಿಂತಿತು, ಇನ್ನೊಮ್ಮೆ ಎಬ್ಬಿಸಿದರು. ಮೂರನೆಯ ಸಲ ಯಂತ್ರ ತನ್ನ ಅಭಿಪ್ರಾಯವನ್ನು ಹೊಗೆಯ ರೂಪದಲ್ಲಿ ಹೊರಹಾಕಿತು.

ಹೆಂಡತಿ ಪ್ಲಗ್ ಕಿತ್ತಳು. ಜಾರಿನ ನೀರಿಗೆ ಬೆರಳದ್ದಿದಳು. ಎಳೆಗೂಸಿಗೆ ಎರೆಯಬಹುದಿತ್ತು, ಮಂಡಿಗೆ ಯಾವ ಪ್ರಯೋಜನವೂ ಇರಲಿಲ್ಲ.

“ಶಕ್ತಿ ಸಾಯಲ್ಲ ಅಂದ್ರಿ. ಇಷ್ಟು ಹೊತ್ತು ತಿರುಗಿದ್ದೆಲ್ಲ ಎಲ್ಲಿಗೆ ಹೋಯ್ತು ಹೇಳಿ.”

ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮೇಷ್ಟ್ರು ಜಾರಿನೊಳಗೆ ಇಣುಕಿ, ಹೋದ ಶಕ್ತಿಯನ್ನು ನೀರಿನಲ್ಲಿ ಹುಡುಕತೊಡಗಿದರು.

ಸುಟ್ಟ ವಾಸನೆ ಹಿಡಿದು, ಮಗಳ ಪ್ರಶ್ನೆಯನ್ನೂ ಕೇಳಿಸಿಕೊಂಡು, ಅತ್ತೆ ಕುಂಟುತ್ತಾ ಬಂದರು. ಆಸರೆಗೆಂದು ಮಿಕ್ಸಿಯ ಮೇಲೆ ಕೈಯಿಟ್ಟವರು ಚುರುಕ್ಕೆಂದು ಹಿಂತೆಗೆದುಕೊಂಡರು. ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಾಗಿಲ ಮೇಲಿದ್ದ ಟವೆಲಿನಲ್ಲಿ ಮಿಕ್ಸಿಯನ್ನು ಕೂಸಿನಂತೆ ಸುತ್ತಿ, ಮಗಳಿಂದ ಹೊರಿಸಿಕೊಂಡು ಹೋಗಿ, ಮಂಚದ ಮೇಲೆ ಮಂಡಿಗೆ ಒತ್ತಿ ಇಟ್ಟುಕೊಂಡರು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

“ಎಲ್ಲೂ ಹೋಗಿಲ್ಲ ಕಣೇ. ಎಲ್ಲಾ ಇಲ್ಲೇ ಇದೆ. ಅಳಿಯಂದ್ರು ಹೇಳಿದ್ದು ಸರಿಯಾಗೇ ಇದೆ.”

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಮುಖದಲ್ಲಿ ಸಣ್ಣದೊಂದು ನಗು ಮೂಡಿತು.

ಅತ್ತೆ ಕಣ್ಣು ತೆರೆಯದೆ, ನಿಜವಾದ ಕಾಳಜಿಯಿಂದ ಕೇಳಿದರು: “ಅಳಿಯಂದ್ರೇ, ನಾಳೆ ಸಂಜೆಗೆ ಏನು ಸುಡ್ತೀರಿ?”