ವಾರಕ್ಕೊಮ್ಮೆ ಬರುವ ಮೂಳೆ ಮಾತ್ರೆಯವರಿಗೆ ಏಣಿ ಕಳೆದುಕೊಂಡವನ ಅಹವಾಲು

ಮಾನ್ಯ ಮೂಳೆ ಮಾತ್ರೆಯವರೇ,

ಪ್ರತಿ ಭಾನುವಾರ ಬೆಳಗ್ಗೆ ಏಳಕ್ಕೆ, ಬರಿಹೊಟ್ಟೆಯಲ್ಲಿ, ಒಂದು ಲೋಟ ನೀರಿನೊಂದಿಗೆ ತಮ್ಮನ್ನು ಬರಮಾಡಿಕೊಳ್ಳುವ ಭಾಗ್ಯ ಪಡೆದ, ಅಂಗಡಿ ಬೋರ್ಡು ಬರೆಯುವ ಪೇಂಟರನಾದ ನಾನು ತಮಗೆ ನೆಟ್ಟಗೆ ನಿಂತೇ ನಮಸ್ಕರಿಸುತ್ತೇನೆ. ಬಾಗಿ ನಮಸ್ಕರಿಸಬೇಕಿತ್ತು, ಆದರೆ ತಮ್ಮನ್ನು ನುಂಗಿದವನು ಅರ್ಧ ಗಂಟೆ ಬಾಗಕೂಡದು, ಮಲಗಕೂಡದು, ಏನೂ ತಿನ್ನಕೂಡದು ಎಂದು ತಮ್ಮದೇ ಅಪ್ಪಣೆಯಾಗಿದೆ.

ನನ್ನ ಕರುಳಿಗೆ ಹನ್ನೊಂದು ವರ್ಷಗಳಿಂದ ಉರಿಯೂತ. ಅದು ಕೆರಳಿದಾಗಲೆಲ್ಲ ತಮ್ಮ ದಾಯಾದಿಗಳಾದ ಸ್ಟೀರಾಯ್ಡ್ ಮಾತ್ರೆಗಳು ಬಂದು ಉರಿ ಆರಿಸಿದವು, ಹೋಗುವಾಗ ಮೂಳೆಯ ಸುಣ್ಣವನ್ನೂ ಕೆರೆದುಕೊಂಡು ಹೋದವು. ಹೀಗಾಗಿ ಹೋದ ವರ್ಷ ನಮ್ಮ ಮನೆಯಂಗಳದಲ್ಲೇ ಏಣಿಯ ಕೊನೆಯ ಮೆಟ್ಟಿಲಿನಿಂದ, ಅಂದರೆ ನೆಲದಿಂದ ಒಂದು ಗೇಣು ಎತ್ತರದಿಂದ, ಜಾರಿ ಕೈ ಊರಿದ್ದೇ ತಡ, ಮಣಿಕಟ್ಟು ಲಟಕ್ಕೆಂದಿತು. ಆ ಸದ್ದು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಕೇಳಿಸಿತಂತೆ. ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, ಐವತ್ತರ ನನಗೆ ಎಂಬತ್ತರ ಮೂಳೆ ಎಂದು ಹೇಳಿ ತಮ್ಮನ್ನು ಬರೆದುಕೊಟ್ಟರು. ಅದೇ ಸಂಜೆ ಹೆಂಡತಿ ಏಣಿಯನ್ನು ಕಿಟಕಿಯ ಸರಳಿಗೆ ಸರಪಳಿಯಿಂದ ಬಿಗಿದು ಬೀಗ ಜಡಿದಳು. "ಮೂಳೆ ಗಟ್ಟಿಯಾಗ್ಲಿ, ಆಮೇಲೆ ಆಕಾಶಕ್ಕೇ ಹತ್ತಿ ಬರೀರಿ" ಎಂದಳು. ಮೂರನೇ ಮಹಡಿಯೆತ್ತರದಲ್ಲಿ ಅಕ್ಷರ ಬರೆಯುತ್ತಿದ್ದ ಕೈ ಈಗ 'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ' ಎಂಬಲ್ಲಿಗೆ ಇಳಿದಿದೆ. ಬೇರೆಯವರು ಬರೆದ ದೊಡ್ಡ ಬೋರ್ಡುಗಳನ್ನು ತಲೆಯೆತ್ತಿ ನೋಡಿದರೆ ಅಳುವೇ ಬರುತ್ತದೆ.

ತಮ್ಮ ಶಿಸ್ತಿನ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ತಮ್ಮ ಡಬ್ಬಿಯೊಳಗಿನ ಚೀಟಿಯಲ್ಲಿ ಸಕಲವೂ ಇದೆ. ಹತ್ತನೇ ನಿಮಿಷಕ್ಕೆ ಸರಿಯಾಗಿ ಕರುಳು ಕರೆ ಕಳಿಸಿದರೆ ಏನು ಮಾಡಬೇಕೆಂಬುದೊಂದು ಬಿಟ್ಟು. ಆದ್ದರಿಂದ ನಾನು ಕಮೋಡಿನ ಮೇಲೆ ಗದ್ದವೆತ್ತಿ, ಬೆನ್ನು ನೆಟ್ಟಗೆ ಮಾಡಿ, ಪಾಸ್‌ಪೋರ್ಟ್ ಫೋಟೋಗೆ ಕೂತವನಂತೆ ಕೂರುತ್ತೇನೆ. ಹೊರಗೆ ಗಡಿಯಾರ ಹಿಡಿದ ಹೆಂಡತಿ "ಇನ್ನೂ ಹನ್ನೆರಡು ನಿಮಿಷ ಇದೆ ಕಣ್ರೀ, ಬಗ್ಗಬೇಡಿ!" ಎಂದು ಪಕ್ಕದ ಮನೆಯವರಿಗೂ ತಿಳಿಯುವಂತೆ ಸಾರುತ್ತಾಳೆ. ಅಯ್ಯೋ, ಮಾನ ಹೋಗಲಿ ಬಿಡಿ, ಮೂಳೆ ಉಳಿದರೆ ಸಾಕು.

ನನ್ನ ಕೋರಿಕೆಗಳು ಅತ್ಯಲ್ಪ. ತಾವು ಮತ್ತು ನನ್ನ ಕರುಳು ಒಂದೆಡೆ ಕೂತು ಮಾತಾಡಿ ಬೇರೆ ಬೇರೆ ದಿನ ಹಂಚಿಕೊಳ್ಳಬೇಕು. ಒಳಗೆ ಹೋದ ಕೂಡಲೇ ಬೇರೆಲ್ಲೂ ತಡಮಾಡದೆ ಮೊದಲು ಬಲಗೈ ಮಣಿಕಟ್ಟಿಗೆ ದಯಮಾಡಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಾನು ಏಣಿ ಹತ್ತಬಹುದೆಂದು ನನ್ನ ಹೆಂಡತಿಗೆ ತಾವೇ ಒಂದು ಮಾತು ಹೇಳಬೇಕು, ಏಕೆಂದರೆ ನನ್ನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಅರ್ಧ ಗಂಟೆ ಮುಗಿದಿದೆ, ಇನ್ನು ಬಾಗುತ್ತೇನೆ.

ತಮ್ಮ ವಿಶ್ವಾಸಿ,
ಬೆನ್ನು ನೆಟ್ಟಗಿರುವ ಪೇಂಟರ್

ತಾ.ಕ.: ಈ ಅಹವಾಲು ಬರೆದಿಟ್ಟು ಕೆಲವು ಭಾನುವಾರ ಕಳೆದ ಮೇಲೆ, ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಸವೆತ ನಿಂತಿದೆ, ಹುಷಾರಾಗಿ ಏಣಿ ಹತ್ತಬಹುದು ಎಂದರು ಡಾಕ್ಟರಮ್ಮ. ಹೆಂಡತಿ ವರದಿಯನ್ನು ಎರಡು ಸಲ ಓದಿ ಕಣ್ಣೊರೆಸಿಕೊಂಡಳು. ಬಳಿಕ ಬೀಗ ತೆಗೆದು, ತಾನೇ ಏಣಿ ಹತ್ತಿ, ಬೀಗದ ಕೈಯನ್ನು ಸೂರಿನ ಕೆಳಗಿನ ಮೊಳೆಗೆ ನೇತುಹಾಕಿ, ಇಳಿದು ಬಂದು ಏಣಿಗೆ ಮತ್ತೆ ಸರಪಳಿ ಸುತ್ತಿ, ಬೀಗವನ್ನು ಒತ್ತಿದಳು. "ಅಲ್ಲೇ ಇದೆ, ಬೇಕಾದಾಗ ತಗೊಳ್ಳಿ" ಎಂದಳು. ಲಟಕ್ಕೆಂದ ಸದ್ದು ಇನ್ನೂ ಅವಳ ಕಿವಿಯಲ್ಲಿದೆ, ಮಾನ್ಯರೇ. ಅದಕ್ಕೊಂದು ಮಾತ್ರೆ ತಮ್ಮ ಬಳಗದಲ್ಲಿದ್ದರೆ ಕಳಿಸಿಕೊಡಿ. ಅರ್ಧ ಗಂಟೆ ಗಡಿಯಾರ ಹಿಡಿದು ನಾನು ನಿಲ್ಲುತ್ತೇನೆ.