ಕಟ್ಟೆ ಸಿಕ್ಕಲ್ಲಿ ಇಳಿಯುವ ಗಾಡಿ

ಹೊಸಬಾಳೆಯ ಚೌಡಪ್ಪನವರಿಗೆ ವಯಸ್ಸು ಅರವತ್ತರ ಹತ್ತಿರ ಬಂದು, ಮೈತೂಕ ಕ್ವಿಂಟಲ್ ದಾಟಿದ ಮೇಲೆ ಡರ್ಟ್ ಬೈಕ್ ಮೇಲೆ ಮನಸ್ಸಾಯಿತು. ತಪ್ಪು ಅಂಜನಾಪುರದ್ದು. ಅಲ್ಲೊಂದು ಮದುವೆಯ ಊಟ ಮುಗಿಸಿ, ಜಲಾಶಯದ ದಂಡೆಗೆ ಗಾಳಿ ಸೇವಿಸಲು ಹೋದವರು, ನೀರು ಇಳಿದ ಕೆಸರಿನಲ್ಲಿ ಯಾರೋ ಆ ಗಾಡಿಗಳನ್ನು ಹಾರಿಸುವುದನ್ನು ಕಂಡರು. ಗುಂಡಿಗೆ ಬಿದ್ದ ಗಾಡಿ ಅಲ್ಲೇ ಹೂತುಕೊಳ್ಳದೆ ಮುಗಿಲಿಗೆ ನೆಗೆಯಿತು. ಚೌಡಪ್ಪನವರ ಬಾಯಿ ಎಲೆ ಅಡಿಕೆ ಅಗಿಯುವುದನ್ನೇ ಮರೆಯಿತು. ಗದ್ದೆ ದಾರಿಯ ಪ್ರತಿ ಗುಂಡಿಯಲ್ಲೂ ಸ್ಕೂಟರ್ ಇಳಿದು ತಳ್ಳುತ್ತ ಬಂದ ಮನುಷ್ಯನಿಗೆ ಅದು ಸಾಕ್ಷಾತ್ ದೇವರ ದರ್ಶನವೇ ಆಗಿತ್ತು.

ಹೆಂಡತಿ ವನಜಮ್ಮ ಅಡ್ಡ ಬರಲಿಲ್ಲ. "ತಗೊಳ್ಳಿ. ಆದ್ರೆ ನಿಮಗೆ ಹತ್ತಿ ಇಳಿಯೋಕೆ ಆಗೋವಂಥದ್ದು ತಗೊಳ್ಳಿ" ಎಂದಷ್ಟೇ ಹೇಳಿ, ಶಿಕಾರಿಪುರದ ಶೋರೂಮಿಗೆ ತಾವೂ ಹೊರಟರು.

ಅಲ್ಲಿ ಗಾಡಿ ಮಾರುವ ವೀರೇಶ ಚೌಡಪ್ಪನವರನ್ನು ಮೇಲಿಂದ ಕೆಳಗೆ ನೋಡಿದ, ಆಮೇಲೆ ಎಡದಿಂದ ಬಲಕ್ಕೆ ನೋಡಿದ (ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು). ನೋಡಿ, ಮೂಲೆಯಲ್ಲಿದ್ದ ಒಂದು ಕೆಂಪು ಗಾಡಿಯನ್ನು ತಟ್ಟಿದ.

"ಯಜಮಾನ್ರ, ನಿಮಗ ಇದೇ ಸರಿ. ಸೀಟು ತಗ್ಗು, ಗಾಡಿ ಹಗುರ. ನಿಮ್ಮ ಮೈಗೆ ತಕ್ಕಂಗ ಸ್ಪ್ರಿಂಗ್ ಮಾತ್ರ ಗಟ್ಟಿದು ಹಾಕಿಸಿ ಕೊಡ್ತೀನಿ. ಎರಡೂ ಕಾಲು ನೆಲಕ್ಕ ಊರ್ತಾವ."

"ಕಾಲು ನೆಲಕ್ಕೆ ಊರೋದಾದ್ರೆ ನಡ್ಕೊಂಡೇ ಹೋಗ್ತೀನಲ್ಲಪ್ಪ" ಎಂದರು ಚೌಡಪ್ಪ.

ಇಲ್ಲೊಂದು ಮಾತು ಹೇಳಲೇಬೇಕು. ಹೋರಿ ಬೆದರಿಸುವ ಹಬ್ಬ ಬಂತೆಂದರೆ ಸುತ್ತಲಿನ ಹಳ್ಳಿಯವರೆಲ್ಲ ಹೋರಿ ಕೊಳ್ಳುವ ಮೊದಲು ಚೌಡಪ್ಪನವರ ಅಭಿಪ್ರಾಯ ಕೇಳುತ್ತಾರೆ. ಅವರು ಆರಿಸಿದ ಹೋರಿ ಈವರೆಗೆ ಓಟದಲ್ಲಿ ಯಾರ ಕೈಗೂ ಸಿಕ್ಕಿ ಕೊರಳಿನ ಕೊಬ್ಬರಿ ಹಾರ ಹರಿಸಿಕೊಂಡದ್ದಿಲ್ಲ. ಅಂಥ ಪರೀಕ್ಷಕರು ಕೆಂಪು ಗಾಡಿಯತ್ತ ತಿರುಗಿಯೂ ನೋಡದೆ, ನಡುವೆ ನಿಂತಿದ್ದ ಎತ್ತರದ ಕಪ್ಪು ಗಾಡಿಯನ್ನು ಪ್ರದಕ್ಷಿಣೆ ಹಾಕಿದರು. ಮುಂಗಾಲು ನೀಳ. ಎದೆ ಅಗಲ. ಭುಜ ಎತ್ತರ. ಹಿಂಭಾಗ ಮೇಲೆದ್ದು ಈಗಲೋ ಆಗಲೋ ಹಾರುವಂತಿದೆ. ಬೆನ್ನು ಸವರಿದರು. ಸುಳಿ ಒಂದು ಸಿಗಲಿಲ್ಲ, ಉಳಿದದ್ದೆಲ್ಲ ಸರಿಯಿತ್ತು.

"ಇದರ ಲಕ್ಷಣ ನೋಡೇ" ಎಂದರು, ಕಣ್ಣು ಮಿಟುಕಿಸದೆ.

"ಅಲ್ರೀ, ಹೋರಿ ಮೇಲೆ ನೀವು ಕೂರ್ತೀರಾ?" ಎಂದರು ವನಜಮ್ಮ.

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ದೈವದರ್ಶನದ ಹೊತ್ತಿನಲ್ಲಿ ಯಾರಿಗೆ ಕಿವಿ ಕೇಳಿಸುತ್ತದೆ? ಕೊನೆಗೆ ವನಜಮ್ಮನೇ ತೀರ್ಮಾನ ಕೊಟ್ಟರು. ಒಂದು ದಿನದ ಮಟ್ಟಿಗೆ ಕಪ್ಪು ಗಾಡಿಯನ್ನು ಊರಿಗೆ ಒಯ್ಯುವುದು. ಮನೆ ಮುಂದೆ, ಯಾರ ಕೈಯನ್ನೂ ಹಿಡಿಯದೆ ಇಳಿದು ತೋರಿಸಿದರೆ ಕಪ್ಪು. ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಕೆಂಪು. ಇಷ್ಟು ಹೇಳಿ ಅವರು ಬಸ್ಸು ಹತ್ತಿದರು.

ಚೌಡಪ್ಪನವರು ಶೋರೂಮಿನ ಮೆಟ್ಟಿಲು ಏರಿ, ಅಲ್ಲಿಂದ ಕಾಲು ದಾಟಿಸಿ, ಸಿಂಹಾಸನಾರೂಢರಾದರು. ಗಾಡಿ ಗುಡುಗಿತು. ಶಿಕಾರಿಪುರದ ಅಂಗಡಿಗಳ ಮಾಡು ಮೊದಲ ಬಾರಿಗೆ ಅವರ ಕಣ್ಣಿನ ಸಮಕ್ಕೆ ಬಂತು. ಆನೆಯ ಮೇಲೆ ಕೂತವರಿಗೆ ಲೋಕ ಹೀಗೇ ಕಾಣಬಹುದೆಂದು ಬೆರಗಾದರು.

ಬೆರಗು ಊರಾಚೆಯ ಕುರಿಮಂದೆಯ ತನಕ ಉಳಿಯಿತು. ಕುರಿಗಳು ಅಡ್ಡ ಬಂದಾಗ ಗಾಡಿ ನಿಧಾನ ಮಾಡಿ ಎಡಗಾಲು ಚಾಚಿದರು. ಹೆಬ್ಬೆರಳು ನೆಲವನ್ನು ಹುಡುಕಿತು. ಗಾಳಿ ಸಿಕ್ಕಿತು. ಗಾಡಿ ವಾಲಿತು. ಚೌಡಪ್ಪನವರು ಕುರಿಗಳ ನಡುವೆಯೇ ಗಾಡಿ ನುಗ್ಗಿಸಿಬಿಟ್ಟರು. ಆಗ ಒಂದು ಸತ್ಯ ಹೊಳೆಯಿತು: ಕಟ್ಟೆ ಇಲ್ಲದ ಕಡೆ ತಾವು ಈ ಜನ್ಮದಲ್ಲಿ ಇಳಿಯುವಂತಿಲ್ಲ.

ಆಮೇಲಿನದು ಸವಾರಿಯಲ್ಲ, ತಪಸ್ಸು. ಸೊಂಟ ನೊಂದಿತು, ನಿಲ್ಲಿಸಲಿಲ್ಲ. ಬಾಯಾರಿತು, ನಿಲ್ಲಿಸಲಿಲ್ಲ. ಬಂದಳಿಕೆಯ ಹತ್ತಿರ ಬಂದಾಗ ಅವರಿಗೆ ನೆನಪಾದದ್ದು ಅಲ್ಲಿನ ಶಿಲ್ಪಗಳಲ್ಲ, ಗುಡಿಗಳ ಜಗಲಿ. ಅಷ್ಟು ಎತ್ತರಕ್ಕೆ ಕಲ್ಲು ಜೋಡಿಸಿದ ಹಿಂದಿನವರ ದೂರದೃಷ್ಟಿಗೆ ಕಣ್ಣಲ್ಲಿ ನೀರು ಬಂತು. ಆದರೆ ಸುತ್ತ ಬೇಲಿ. ಗೇಟಿನ ಬಳಿ ಹಳೆಯ ಗೆಳೆಯ ಭೀಮಣ್ಣ ನಿಂತು "ಚೌಡಣ್ಣ, ನಿಲ್ಲೋ ಮಾರಾಯ" ಎಂದು ಕೈಬೀಸಿದ. ಚೌಡಪ್ಪನವರು ಗಂಭೀರವಾಗಿ ತಲೆಯಾಡಿಸಿ ಮುಂದೆ ಹೋದರು. ಭೀಮಣ್ಣ ಆ ಗತ್ತಿಗೆ ಮರುಳಾಗಿ, ಅಲ್ಲಿಂದಲೇ ಹೊಸಬಾಳೆಗೆ ಫೋನ್ ಮಾಡಿದ.

ಅಷ್ಟರಲ್ಲಿ ಚೌಡಪ್ಪನವರು ಸೋಲಲು ಮನಸ್ಸು ಮಾಡಿಯಾಗಿತ್ತು. ಮನೆಯ ಕಟ್ಟೆಗೆ ದೂರವಾಗಿ, ಅಂಗಳದ ನಡುವೆ ನಿಧಾನ ಮಾಡುವುದು. ಯಾರದಾದರೂ ಭುಜ ಹಿಡಿದು ಇಳಿಯುವುದು. "ನೀನು ಹೇಳಿದ್ದೇ ಸರಿ ಕಣೇ" ಎಂದು ಒಪ್ಪಿಕೊಂಡು, ನಾಳೆ ಬೆಳಿಗ್ಗೆಯೇ ಆ ಕೆಂಪು ಗಾಡಿಯನ್ನು ಅಪ್ಪಿಕೊಳ್ಳುವುದು. ತಗ್ಗಿನ ಸೀಟು. ಎರಡೂ ಕಾಲು ನೆಲದ ಮೇಲೆ. ಅದರ ಮುಂದೆ ಸ್ವರ್ಗವೂ ಸಪ್ಪೆ ಅನ್ನಿಸಿತು.

ಆದರೆ ಹೊಸಬಾಳೆಯಲ್ಲಿ ಅರ್ಧ ಊರು ಅವರ ಅಂಗಳದಲ್ಲಿ ನೆರೆದಿತ್ತು. ಅಷ್ಟು ಮುಖಗಳನ್ನು ಒಮ್ಮೆಲೇ ಕಂಡು ಗಾಬರಿಯಾದ ಚೌಡಪ್ಪನವರ ಕೈ, ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ತಿರುಗಿಸಿತು. ಗಾಡಿ ಅಂಗಳದಂಚಿಗೆ ಸುರಿದಿದ್ದ ಮರಳಿನ ರಾಶಿ ಏರಿತು. ಏರಿ ನೆಗೆಯಿತು. ಒಂದು ಕ್ವಿಂಟಲ್ ಚೌಡಪ್ಪ ಜನರ ತಲೆಗಳಿಗಿಂತ ಮೇಲೆ ಒಂದು ಕ್ಷಣ ನಿಂತಂತೆ ಕಂಡರು. ಆಮೇಲೆ ಗಾಡಿ ಧೊಪ್ಪನೆ ಇಳಿದು, ಕಟ್ಟೆಗೆ ಮೈಯೊರಗಿಸಿ, ಆಫ್ ಆಯಿತು. ಏನಾಯಿತೆಂದು ತಿಳಿಯದೆ ಚೌಡಪ್ಪನವರು ಕಾಲು ಎತ್ತಿ ಕಟ್ಟೆಯ ಮೇಲಿಟ್ಟು ಇಳಿದರು. ಯಾರ ಕೈಯನ್ನೂ ಹಿಡಿಯಲಿಲ್ಲ.

ಗುಂಪಿನಲ್ಲಿದ್ದ ನೆರೆಮನೆಯ ಹುಲಿಗೆಮ್ಮಜ್ಜಿ ಕೈಮುಗಿದಳು.

ವನಜಮ್ಮ ಗಂಡನನ್ನೇ ನೋಡುತ್ತ ನಿಂತಿದ್ದರು. ಮದುವೆಯಾದಂದಿನಿಂದ ಅವರು ಹಾಗೆ ನೋಡಿದ್ದಿಲ್ಲ. "ನಿಮ್ಮನ್ನ ನಾನೇ ಸರಿಯಾಗಿ ತಿಳ್ಕೊಂಡಿರಲಿಲ್ಲ ಕಣ್ರೀ" ಎಂದರು. ಅಲ್ಲೇ ವೀರೇಶನಿಗೆ ಫೋನ್ ಹಚ್ಚಿದರು. "ಕೆಂಪುದು ಬೇಡಪ್ಪ. ನಮ್ಮನೆಯವರಿಗೆ ಕಪ್ಪೇ ಸರಿ."

"ವನಜಾ, ಸ್ವಲ್ಪ ಕೇಳೇ..." ಎಂದು ಚೌಡಪ್ಪ ಬಾಯಿ ತೆರೆದರು. ಹೆಂಡತಿಯ ಕಣ್ಣಿನ ಆ ಬೆಳಕು ನೋಡಿ ಮತ್ತೆ ಮುಚ್ಚಿಕೊಂಡರು. ಅದನ್ನು ಆರಿಸುವ ಧೈರ್ಯ ಯಾವ ಗಂಡಿಗಿದೆ?

ವನಜಮ್ಮ ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದರು.

"ಗಾಡಿ ಹತ್ತ್ರೀ. ಸೊರಬಕ್ಕೆ ಹೋಗಿ ಬರೋಣ. ನಮ್ಮಕ್ಕ ರಾಜೇಶ್ವರಿ ನೋಡ್ಲಿ ನನ್ನ ಗಂಡನ್ನ."

ಚೌಡಪ್ಪನವರು ಕಟ್ಟೆಯಿಂದ ಗಾಡಿಗೆ ಕಾಲು ದಾಟಿಸಿ ಕೂರುತ್ತ ಮೆಲ್ಲಗೆ ಕೇಳಿದರು: "ಅವಳ ಮನೆ ಮುಂದೆ ಕಟ್ಟೆ ಇದೆಯೇನೇ?"

"ನಿಮಗ್ಯಾಕ್ರೀ ಕಟ್ಟೆ" ಎಂದು ವನಜಮ್ಮ ಹೆಮ್ಮೆಯಿಂದ ನಕ್ಕು, ಹಿಂದೆ ಹತ್ತಿ ಕೂತು, ಕೈಗೆ ಸಿಕ್ಕಷ್ಟು ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡರು.